ಅವತಾರ್ ನೋಡುವುದಾ, ಡಿಸ್ಟ್ರಿಕ್ಟ್ 9 ನೋಡುವುದಾ?

ಎರಡೂ 2009ರ ಸಿನಿಮಾಗಳು. ಎರಡರಲ್ಲೂ ಮನುಷ್ಯರು, ಅನ್ಯಗ್ರಹದವರು, ಜಾಗದ ಜಗಳ.

ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ಕಥೆ ಹಳೆಯದೇ. ಸೈನಿಕ ಕಾಡಿನ ಜನರ ನಡುವೆ ಹೋಗುತ್ತಾನೆ, ಅಲ್ಲಿನ ಹುಡುಗಿಯನ್ನು ಪ್ರೀತಿಸುತ್ತಾನೆ, ತನ್ನವರ ಮೇಲೇ ತಿರುಗಿಬೀಳುತ್ತಾನೆ. 1990ರ ‘ಡ್ಯಾನ್ಸಸ್ ವಿತ್ ವುಲ್ವ್ಸ್’ ನೋಡಿದವರಿಗೆ ಮುಂದಿನದೆಲ್ಲ ಬೇಗನೇ ಗೊತ್ತಾಗಿಬಿಡುತ್ತದೆ. ಕಥೆ ನಡೆಯುವ ಪಂಡೋರಾ ಎಂಬ ಲೋಕದ ಕಾಡು ಮಾತ್ರ ನಿಜಕ್ಕೂ ಹೊಸದು. ದೊಡ್ಡ ಪರದೆ, ತ್ರೀಡಿ ಸಿಕ್ಕರೆ ಬಿಡಬೇಡಿ. ಫೋನಿನಲ್ಲಿ ನೋಡಿದರೆ ಉಳಿಯುವುದು ಆ ಹಳೇ ಕಥೆಯೊಂದೇ.

ನೀಲ್ ಬ್ಲಾಮ್‌ಕ್ಯಾಂಪ್ ಅವರ ‘ಡಿಸ್ಟ್ರಿಕ್ಟ್ 9’ಗೆ ಆದ ಖರ್ಚು ಸುಮಾರು 3 ಕೋಟಿ ಡಾಲರ್. ದೊಡ್ಡ ಸಿನಿಮಾಗಳ ಲೆಕ್ಕದಲ್ಲಿ ಚಿಲ್ಲರೆ ಕಾಸು, ಅಲ್ವಾ? ಇಲ್ಲಿ ಅನ್ಯಗ್ರಹದ ಹಡಗು ನಿಲ್ಲುವುದು ನ್ಯೂಯಾರ್ಕ್ ಮೇಲಲ್ಲ, ಜೋಹಾನ್ಸ್‌ಬರ್ಗ್ ಮೇಲೆ. ಬಂದವರು ದಾಳಿಕೋರರಲ್ಲ, ಗುಡಿಸಲುಗಳಲ್ಲಿ ಬದುಕುವ ನಿರಾಶ್ರಿತರು. ವರ್ಣಭೇದದ ಕಾಲದಲ್ಲಿ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್‌ನಿಂದ ಸಾವಿರಾರು ಜನರನ್ನು ಎತ್ತಂಗಡಿ ಮಾಡಿದ ನೆನಪು ಹೆಸರಲ್ಲೇ ಇದೆ. ನಾಯಕನೂ ವೀರನಲ್ಲ, ‘ಜಾಗ ಖಾಲಿ ಮಾಡಿ’ ಅಂತ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುವ ಕಚೇರಿ ನೌಕರ. ಕೊನೆಯ ಭಾಗ ಮಾಮೂಲಿ ಗುಂಡಿನ ಸದ್ದೇ. ನೈಜೀರಿಯಾದವರನ್ನು ತೋರಿಸಿದ ರೀತಿಯೂ ಚೆನ್ನಾಗಿಲ್ಲ. ಆದರೂ ಮನೆಯ ಟಿವಿಗೆ ನನ್ನ ಆಯ್ಕೆ ಇದೇ.

ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಸುಮ್ನೆ ಅವತಾರ್ ಹಾಕಿ. ಡಿಸ್ಟ್ರಿಕ್ಟ್ 9ರಲ್ಲಿ ರಕ್ತ, ಬೈಗುಳ ಜಾಸ್ತಿ.