ಬಾರ್ತ್ ಅವರ 31 ಸಂಪುಟಗಳು: ಇವ್ಯಾಂಜೆಲಿಕಲ್ ಓದುಗರು ಕೊಳ್ಳಬಹುದೇ?

ಸ್ವಿಸ್ ಪ್ರೊಟೆಸ್ಟೆಂಟ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರ ಬೃಹತ್ ದೈವಶಾಸ್ತ್ರ ಕೃತಿ ‘ಚರ್ಚ್ ಡಾಗ್ಮ್ಯಾಟಿಕ್ಸ್’ನ ಇಂಗ್ಲಿಷ್ ಅಧ್ಯಯನ ಆವೃತ್ತಿಯನ್ನು ಕೊಳ್ಳಲು ನಾನು ವರ್ಷಗಟ್ಟಲೆ ಹಿಂದೆಮುಂದೆ ನೋಡಿದೆ. ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ನಾನು ಬೆಳೆದ, ಸತ್ಯವೇದವನ್ನೇ (ಬೈಬಲನ್ನೇ) ಅಂತಿಮ ಪ್ರಮಾಣವೆನ್ನುವ ಇವ್ಯಾಂಜೆಲಿಕಲ್ ಕ್ರೈಸ್ತ ವಲಯದಲ್ಲಿ ಆ ಹೆಸರಿನ ಬಗ್ಗೆ ಇದ್ದ ಭಯ. ಬಾರ್ತ್ ಸತ್ಯವೇದವನ್ನು ನಂಬದವರು ಎಂದು ಬೋಧಕರೊಬ್ಬರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಆ ತೀರ್ಪನ್ನು ಮೂಲದ ಪುಟಗಳಲ್ಲಿ ಪರೀಕ್ಷಿಸಬೇಕೆಂಬ ಹಂಬಲದಿಂದಲೇ ಕೊನೆಗೆ ಈ ಸಂಪುಟಗಳನ್ನು ತರಿಸಿಕೊಂಡೆ.

ಮೂಲ ಜರ್ಮನ್ ಕೃತಿ 1932ರಿಂದ 1967ರವರೆಗೆ 13 ಪುಸ್ತಕಗಳಾಗಿ ಬಂದಿತು. ಉದ್ದೇಶಿಸಿದ್ದ ಐದನೆಯ ಭಾಗವನ್ನು ಬರೆಯದೆಯೇ ಬಾರ್ತ್ 1968ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡರು. ಅಧ್ಯಯನ ಆವೃತ್ತಿ ಅದನ್ನೇ 31 ತೆಳು ಸಂಪುಟಗಳಾಗಿ ವಿಂಗಡಿಸಿದೆ. ಗ್ರೀಕ್, ಲ್ಯಾಟಿನ್, ಹೀಬ್ರೂ ಉದ್ಧರಣೆಗಳಿಗೆ ಇಂಗ್ಲಿಷ್ ಅನುವಾದ ಸೇರಿಸಿರುವುದು ನನ್ನಂಥವರಿಗೆ ಬಹಳ ದೊಡ್ಡ ಉಪಕಾರ. ಹಳೆಯ ಇಂಗ್ಲಿಷ್ ಆವೃತ್ತಿಯ ಪುಟಸಂಖ್ಯೆಗಳನ್ನು ಅಂಚಿನಲ್ಲಿ ಉಳಿಸಿಕೊಂಡಿರುವುದರಿಂದ, ವಿಮರ್ಶಕರು ಎತ್ತಿ ತೋರಿಸಿದ ವಾಕ್ಯವನ್ನು ಹುಡುಕಿ, ಅದರ ಹಿಂದುಮುಂದಿನ ಮಾತುಗಳೊಂದಿಗೆ ಓದಬಹುದು.

ಆ ವಿಮರ್ಶಕರೆಲ್ಲ ಒಂದೇ ದನಿಯಲ್ಲಿ ಮಾತಾಡಿದವರಲ್ಲ. ಫಿಲಡೆಲ್ಫಿಯಾದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯ (ದೈವಶಾಸ್ತ್ರ ಶಾಲೆಯ) ಕಾರ್ನೀಲಿಯಸ್ ವ್ಯಾನ್ ಟಿಲ್ 1946ರಲ್ಲೇ ಬಾರ್ತ್ ಅವರ ಚಿಂತನೆಯನ್ನು ಹೊಸ ವೇಷದ ಆಧುನಿಕತಾವಾದವೆಂದು, ಅಂದರೆ ನಂಬಿಕೆಯನ್ನು ಆಧುನಿಕ ಚಿಂತನೆಗೆ ಹೊಂದಿಸುವ ಪಂಥವೆಂದು, ಖಂಡಿಸಿದರು. ಡಚ್ ದೈವಶಾಸ್ತ್ರಜ್ಞ ಬೆರ್ಕೌವರ್ 1954ರಲ್ಲಿ ಕೃಪೆಯ ಜಯವನ್ನೇ ಬಾರ್ತ್ ಅವರ ಚಿಂತನೆಯ ಕೇಂದ್ರವೆಂದು ಗುರುತಿಸಿ, ಒಪ್ಪಬೇಕಾದದ್ದನ್ನು ಒಪ್ಪಿ, ಉಳಿದದ್ದನ್ನು ಪ್ರಶ್ನಿಸಿದರು. ಅವರಿಗೆ ಬಾರ್ತ್ ನಾಲ್ಕನೆಯ ಭಾಗದಲ್ಲಿ ಗೌರವದಿಂದಲೇ ವಿಸ್ತಾರವಾದ ಉತ್ತರ ಕೊಟ್ಟಿದ್ದಾರೆ. 1961ರಲ್ಲಿ ವ್ಯಾನ್ ಟಿಲ್ ಮೊದಲಾದವರ ಪ್ರಶ್ನೆಗಳು ಜೆಫ್ರಿ ಬ್ರೋಮಿಲಿ ಅವರ ಮೂಲಕ ತಲುಪಿದಾಗ ಮಾತ್ರ, ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡವರೊಡನೆ ಚರ್ಚೆ ಸಾಧ್ಯವಿಲ್ಲವೆಂಬ ಭಾವದಿಂದ ಬಾರ್ತ್ ಉತ್ತರಿಸಲು ನಿರಾಕರಿಸಿದರು. ನಾವು ಓದುವ ಈ ಇಂಗ್ಲಿಷ್ ಅನುವಾದದ ಸಂಪಾದಕರಲ್ಲಿ ಒಬ್ಬರು ಅದೇ ಬ್ರೋಮಿಲಿ ಎಂಬುದನ್ನು ನಮ್ಮವರು ನೆನಪಿಡಬೇಕು. ಅವರು ಫುಲ್ಲರ್ ಸೆಮಿನರಿಯಲ್ಲಿ ಕಲಿಸಿದ ಇವ್ಯಾಂಜೆಲಿಕಲ್ ವಿದ್ವಾಂಸರು.

ನನ್ನ ಪೂರ್ವಗ್ರಹ ಮೊದಲು ಅಲುಗಾಡಿದ್ದು ದೇವರು ಮನುಷ್ಯರನ್ನು ಆರಿಸಿಕೊಳ್ಳುವುದರ ಕುರಿತ ಆಯ್ಕೆಯ ಸಿದ್ಧಾಂತವನ್ನು ವಿವರಿಸುವ 35ನೆಯ ವಿಭಾಗದಲ್ಲಿ. ಅಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ದೀರ್ಘ ಟಿಪ್ಪಣಿಗಳಿವೆ. ಸತ್ಯವೇದದ ಯಾಜಕಕಾಂಡ 16ನೆಯ ಅಧ್ಯಾಯದಲ್ಲಿ ಒಂದು ಹೋತ ಬಲಿಯಾಗುತ್ತದೆ, ಇನ್ನೊಂದನ್ನು ಅರಣ್ಯಕ್ಕೆ ಅಟ್ಟಲಾಗುತ್ತದೆ. ಆಯ್ಕೆಯಾದದ್ದು ಸಾಯುವುದಕ್ಕಾಗಿಯೇ ಆಯ್ಕೆಯಾಯಿತು ಎಂಬುದನ್ನು ಬಾರ್ತ್ ನಿಧಾನವಾಗಿ ಬಿಡಿಸುತ್ತ, ಇಸ್ರಾಯೇಲಿನ ಅರಸರಾದ ಸೌಲ ಮತ್ತು ದಾವೀದರನ್ನು ದಾಟಿ, ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನವರೆಗೆ ಬರುತ್ತಾರೆ. ಯೂದನೊಬ್ಬನಿಗೇ ಹತ್ತಾರು ಪುಟಗಳು ಮೀಸಲಾಗಿವೆ. ಸತ್ಯವೇದವನ್ನು ಬದಿಗಿಟ್ಟವರು ಹೀಗೆ ಬರೆಯಲಾರರು. ಆ ಪುಟಗಳನ್ನು ಓದುವಾಗ ಪಕ್ಕದಲ್ಲಿ ಸತ್ಯವೇದ ತೆರೆದೇ ಇತ್ತು, ಮತ್ತು ನಾನು ಹಲವು ಸಲ ಓದು ನಿಲ್ಲಿಸಿ ಪ್ರಾರ್ಥಿಸಿದೆ.

ಆದರೂ ವಿಮರ್ಶಕರ ಆತಂಕ ಸುಳ್ಳಲ್ಲ. ಪ್ರವಾದಿಗಳೂ ಅಪೊಸ್ತಲರೂ ತಮ್ಮ ಮಾತು ಮತ್ತು ಬರಹದಲ್ಲಿ ತಪ್ಪಬಲ್ಲವರು, ತಪ್ಪಿದ್ದೂ ಉಂಟು ಎಂದು ಬಾರ್ತ್ ಮೊದಲ ಭಾಗದಲ್ಲಿ ಸ್ಪಷ್ಟವಾಗಿಯೇ ಹೇಳುತ್ತಾರೆ. ಅವರಿಗೆ ಸತ್ಯವೇದವು ದೇವರ ಪ್ರಕಟನೆಗೆ ಸಾಕ್ಷಿ. ದೇವರು ಅದರ ಮೂಲಕ ಮಾತಾಡುವಾಗ ಅದು ದೇವರ ವಾಕ್ಯವಾಗುತ್ತದೆ. ಇದನ್ನು ನಾನು ಒಪ್ಪಲಾರೆ. ಎಲ್ಲರೂ ರಕ್ಷಣೆ ಹೊಂದುತ್ತಾರೆಂದು ಅವರು ಬೋಧಿಸಲಿಲ್ಲ, ಆದರೆ ಆ ನಿರೀಕ್ಷೆಯ ಬಾಗಿಲನ್ನು ಮುಚ್ಚಲೂ ಇಲ್ಲ. ಈ ಬಗ್ಗೆ ಬೆರ್ಕೌವರ್ ಕೇಳಿದ ಪ್ರಶ್ನೆ ಇಂದಿಗೂ ನಿಂತಿದೆ. 1962ರಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಚಿಂತಕ ಕಾರ್ಲ್ ಹೆನ್ರಿ ಬಾರ್ತ್ ಅವರನ್ನು ಕೇಳಿದ ಪ್ರಶ್ನೆಯೂ ಹಾಗೆಯೇ: ಇಂದಿನ ವರದಿಗಾರರು ಅಂದು ಅಲ್ಲಿದ್ದಿದ್ದರೆ ಕ್ರಿಸ್ತನ ಪುನರುತ್ಥಾನವು ಅವರಿಗೆ ಸುದ್ದಿಯಾಗುತ್ತಿತ್ತೇ? ಹೆನ್ರಿಯವರೇ ಹೇಳಿರುವಂತೆ ಬಾರ್ತ್ ಸಿಡುಕಿದರು. ಆ ಪ್ರಶ್ನೆಗೆ ನೇರ ಉತ್ತರ ಸಿಗಬೇಕಿತ್ತು. ಸಹಾಯಕಿ ಶಾರ್ಲೊಟ್ಟೆ ಫಾನ್ ಕಿರ್ಷ್‌ಬಾಮ್ ಅವರೊಂದಿಗಿನ ಬಾರ್ತ್ ಅವರ ಸಂಬಂಧವನ್ನು ತೆರೆದಿಟ್ಟ ಪತ್ರಗಳು 2008ರಲ್ಲಿ ಪ್ರಕಟವಾದ ಮೇಲೆ, ಪತ್ನಿ ನೆಲ್ಲಿ ಅನುಭವಿಸಿದ ನೋವನ್ನು ಮರೆತು ಈ ಪುಟಗಳನ್ನು ಓದುವುದು ನನ್ನಿಂದ ಸಾಧ್ಯವಾಗಿಲ್ಲ.

ಆವೃತ್ತಿಯ ಮಟ್ಟಿಗೆ ಒಂದು ಕೊರತೆಯನ್ನು ಹೇಳಲೇಬೇಕು. ಒಂದು ವಾದ ಹಲವು ಸಂಪುಟಗಳಿಗೆ ಹಂಚಿಹೋಗುವುದರಿಂದ, ಹಿಂದೆ ಹೇಳಿದ್ದನ್ನು ನೋಡಲು ಪದೇ ಪದೇ ಎದ್ದು ಬೇರೆ ಪುಸ್ತಕ ತರಬೇಕಾಗುತ್ತದೆ.

ಎಲ್ಲವನ್ನೂ ಒಮ್ಮೆಲೇ ಕೊಳ್ಳುವ ಅಗತ್ಯವಿಲ್ಲ. 35ನೆಯ ವಿಭಾಗವಿರುವ ಸಂಪುಟವನ್ನು ಮೊದಲು ಕೊಳ್ಳಿ, ಸಣ್ಣಕ್ಷರದ ಭಾಗಗಳನ್ನು ಹಾರಿಸದೆ ಓದಿ. ಅದಾದ ಮೇಲೆ ಸತ್ಯವೇದದ ಕುರಿತ 19ರಿಂದ 21ನೆಯ ವಿಭಾಗಗಳಿಗೆ ಬನ್ನಿ. ನಮ್ಮವರ ಆಕ್ಷೇಪದ ಬೇರು ಇರುವುದು ಅಲ್ಲಿ.