ದಿನಗೂಲಿಯ ಲೆಕ್ಕದಲ್ಲಿ ತೀರ್ಪು: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ರೆಫರಿ ಸೇವೆಯ ವಿಮರ್ಶೆ

ಉತ್ತರ ಕ್ಯಾರೊಲಿನಾದಲ್ಲಿ ನೆಲೆಸಿದ ಮೇಲೆ ಪ್ರತಿ ಚಳಿಗಾಲವೂ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಟಿಕೆಟ್ ಕೊಂಡು ನೋಡುತ್ತಾ ಬಂದಿದ್ದೇನೆ. ಆ ಟಿಕೆಟ್ಟಿನ ಹಣದಲ್ಲಿ ಎರಡು ತಂಡಗಳ ಆಟದ ಜೊತೆಗೆ ಇನ್ನೊಂದು ಸೇವೆಯೂ ಸೇರಿದೆ. ಅದು ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟ ಮೂವರು ರೆಫರಿಗಳ ತೀರ್ಪು. ಅಂಗಣದ ಆಸನ, ವಾಹನ ನಿಲುಗಡೆ, ತಿಂಡಿಯ ಅಂಗಡಿ ಎಲ್ಲದರ ಬಗ್ಗೆಯೂ ನಾವು ಅಭಿಪ್ರಾಯ ಬರೆಯುತ್ತೇವೆ, ಆದರೆ ಪಂದ್ಯದ ಗತಿಯನ್ನೇ ನಿರ್ಧರಿಸುವ ಈ ಸೇವೆಯ ಬಗ್ಗೆ ಕೂಗಾಟದ ಹೊರತು ಶಾಂತವಾಗಿ ಯೋಚಿಸಿದ ಮಾತು ಕಿವಿಗೆ ಬೀಳುವುದು ಅಪರೂಪ. ಆದ್ದರಿಂದ ಈ ವಿಮರ್ಶೆ ಒಬ್ಬೊಬ್ಬ ರೆಫರಿಯ ಬಗ್ಗೆ ಅಲ್ಲ. ಅವರನ್ನು ನೇಮಿಸಿ, ಸಂಬಳ ಕೊಟ್ಟು, ಅಂಗಣಕ್ಕೆ ಕಳುಹಿಸುವ ಏರ್ಪಾಡಿನ ಬಗ್ಗೆ.

ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ನಡೆಸುವ ಅತಿ ಮೇಲಿನ ಹಂತವಾದ ಮೊದಲ ವಿಭಾಗದಲ್ಲಿ 350ಕ್ಕೂ ಹೆಚ್ಚು ಕಾಲೇಜು ತಂಡಗಳಿದ್ದು, ಅವು ಮೂವತ್ತಕ್ಕೂ ಹೆಚ್ಚು ಕಾನ್ಫರೆನ್ಸುಗಳಲ್ಲಿ, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಕೂಟಗಳಲ್ಲಿ, ಹಂಚಿಹೋಗಿವೆ. ಹೊರಗಿನಿಂದ ನೋಡುವವರಿಗೆ ರೆಫರಿಗಳು ಎನ್‌ಸಿಎಎಯ ನೌಕರರೆಂದೇ ಅನ್ನಿಸುತ್ತದೆ. ವಾಸ್ತವದಲ್ಲಿ ಅವರು ಯಾರ ನೌಕರರೂ ಅಲ್ಲ. ಪ್ರತಿ ಕಾನ್ಫರೆನ್ಸಿಗೂ ಒಬ್ಬ ಸಂಯೋಜಕರಿರುತ್ತಾರೆ, ಕೆಲವೆಡೆ ಹಲವು ಕಾನ್ಫರೆನ್ಸುಗಳಿಗೆ ಸೇರಿ ಒಬ್ಬರೇ ಇರುತ್ತಾರೆ. ಯಾವ ಪಂದ್ಯಕ್ಕೆ ಯಾರು ಹೋಗಬೇಕೆಂದು ಹಂಚುವವರು ಅವರೇ. ರೆಫರಿ ಎಂಬಾತ ಸ್ವತಂತ್ರ ಗುತ್ತಿಗೆದಾರ. ಆಡಿಸಿದ ಪಂದ್ಯಕ್ಕೆ ಇಷ್ಟು ಎಂದು ಹಣ ಪಡೆಯುತ್ತಾನೆ, ಕಾಯಿಲೆ ಬಿದ್ದರೆ ಅಥವಾ ಮಂಡಿ ಉಳುಕಿದರೆ ಆ ದಿನದ ಸಂಪಾದನೆ ಇಲ್ಲ. ಆರೋಗ್ಯ ವಿಮೆ, ನಿವೃತ್ತಿ ವೇತನಗಳನ್ನು ಆತನೇ ನೋಡಿಕೊಳ್ಳಬೇಕು. ದೊಡ್ಡ ಮೊತ್ತದ್ದಾದರೂ ಇದು ದಿನಗೂಲಿಯೇ.

ಮೊತ್ತ ದೊಡ್ಡದೆಂಬುದನ್ನು ಮುಚ್ಚಿಡಬೇಕಿಲ್ಲ. ಅತ್ಯಂತ ಶ್ರೀಮಂತ ಕಾನ್ಫರೆನ್ಸುಗಳಲ್ಲಿ ಅನುಭವಿ ರೆಫರಿಯೊಬ್ಬರಿಗೆ ಒಂದು ಪಂದ್ಯಕ್ಕೆ ಸುಮಾರು 3,000 ಡಾಲರ್ ಸಿಗುತ್ತದೆಂದು ಪತ್ರಿಕೆಗಳು ಹಲವು ಬಾರಿ ವರದಿ ಮಾಡಿವೆ. ಕೆಳಗಿನ ಕಾನ್ಫರೆನ್ಸುಗಳಿಗೆ ಇಳಿದಂತೆ ಈ ಸಂಖ್ಯೆ ಬೇಗನೆ ಕುಸಿಯುತ್ತದೆ, ಮೂರನೆಯ ವಿಭಾಗದ ಸಣ್ಣ ಕಾಲೇಜುಗಳಲ್ಲಿ ಕೆಲವು ನೂರು ಡಾಲರುಗಳಿಗೆ ಬಂದು ನಿಲ್ಲುತ್ತದೆ. ಮೇಲಕ್ಕೇರುವ ದಾರಿಯೂ ಸುಲಭದ್ದಲ್ಲ. ಬೇಸಿಗೆಯಲ್ಲಿ ಸಂಯೋಜಕರು ನಡೆಸುವ ಶಿಬಿರಗಳಿಗೆ ಕೈಯಿಂದ ಹಣ ಕಟ್ಟಿ ಹೋಗಿ, ಅವರ ಕಣ್ಣಿಗೆ ಬೀಳುವಂತೆ ದುಡಿದು, ವರ್ಷಗಟ್ಟಲೆ ಹೈಸ್ಕೂಲು ಮತ್ತು ಸಣ್ಣ ಕಾಲೇಜುಗಳ ಪಂದ್ಯಗಳನ್ನು ಆಡಿಸಿದ ಮೇಲೆ ಎಲ್ಲೋ ಕೆಲವರಿಗೆ ಆ 3,000 ಡಾಲರಿನ ಅಂಗಣ ಸಿಗುತ್ತದೆ.

ಈ ಏರ್ಪಾಡಿನ ಮೊದಲ ದೋಷ ಇಲ್ಲಿಯೇ ಹುಟ್ಟುತ್ತದೆ. ಪಂದ್ಯಕ್ಕೊಂದು ಕೂಲಿ ಎಂದಮೇಲೆ ಹೆಚ್ಚು ಪಂದ್ಯಗಳನ್ನು ಒಪ್ಪಿಕೊಳ್ಳುವುದು ಸಹಜ. ನವೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗಿನ ಐದು ತಿಂಗಳಲ್ಲಿ ಬೇಡಿಕೆಯಲ್ಲಿರುವ ರೆಫರಿಗಳು 80 ಪಂದ್ಯಗಳನ್ನು ದಾಟುವುದು ಅಸಾಮಾನ್ಯವಲ್ಲ, ಕೆಲವರು ನೂರರ ಹತ್ತಿರ ಹೋಗುತ್ತಾರೆ. ಸೋಮವಾರ ಒಂದು ರಾಜ್ಯ, ಮಂಗಳವಾರ ಇನ್ನೊಂದು, ಬುಧವಾರ ಮತ್ತೊಂದು. ರಾತ್ರಿ ಪಂದ್ಯ ಮುಗಿಸಿ, ನಸುಕಿನಲ್ಲಿ ವಿಮಾನ ಹತ್ತಿ, ಮಧ್ಯಾಹ್ನ ಹೋಟೆಲಿನಲ್ಲಿ ಕಣ್ಣುಮುಚ್ಚಿ, ಸಂಜೆ ಇಪ್ಪತ್ತರ ಹರೆಯದ ಹುಡುಗರ ಜೊತೆ ಓಡಬೇಕು. ಶನಿವಾರ ನಾನು ಎದುರಿಗೆ ಕಂಡ ರೆಫರಿಯನ್ನು ಮರುದಿನವೇ ನೂರಾರು ಮೈಲಿ ದೂರದ ಅಂಗಣದಲ್ಲಿ ಟಿವಿಯಲ್ಲಿ ಕಂಡದ್ದುಂಟು. ಕೊನೆಯ ಐದು ನಿಮಿಷಗಳಲ್ಲಿ ಆತ ಬುಟ್ಟಿಯ ಬಳಿಗೆ ಎರಡು ಹೆಜ್ಜೆ ತಡವಾಗಿ ತಲುಪಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕಳವಳವಾಯಿತು. ಆ ಎರಡು ಹೆಜ್ಜೆಗಳಲ್ಲಿಯೇ ಕೈ ತಾಗಿತೋ ಚೆಂಡು ತಾಗಿತೋ ಎಂಬುದು ತೀರ್ಮಾನವಾಗುತ್ತದೆ. ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ರೆಫರಿಗಳು ಪೂರ್ಣಾವಧಿ ನೌಕರರು. ಅವರಿಗೆ ಸಂಘವಿದೆ, ಒಪ್ಪಂದವಿದೆ, ವಿಶ್ರಾಂತಿಯ ಲೆಕ್ಕವಿದೆ. ಕಾಲೇಜಿನಲ್ಲಿ ಒಬ್ಬ ರೆಫರಿ ನಾಲ್ಕಾರು ಕಾನ್ಫರೆನ್ಸುಗಳಿಗೆ ದುಡಿಯುವುದರಿಂದ, ಆತನ ವಾರವಿಡೀ ಹೇಗಿದೆಯೆಂದು ನೋಡಿ ಸಾಕು ಎನ್ನುವ ಹೊಣೆ ಯಾವ ಒಬ್ಬ ಸಂಯೋಜಕರದ್ದೂ ಆಗಿ ಉಳಿಯುವುದಿಲ್ಲ.

ಇನ್ನು ಕೆಲಸದ ಗುಣಮಟ್ಟ. ನ್ಯಾಯವಾಗಿ ಹೇಳುವುದಾದರೆ, ನಿಯಮದ ತಿಳಿವಿನಲ್ಲಿ ಮತ್ತು ಧೈರ್ಯದಲ್ಲಿ ಈ ರೆಫರಿಗಳು ಪ್ರೇಕ್ಷಕರು ಊಹಿಸುವುದಕ್ಕಿಂತ ಬಹಳ ಮೇಲಿದ್ದಾರೆ. 2019ರ ಏಪ್ರಿಲ್ 6ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಇದಕ್ಕೆ ಸಾಕ್ಷಿ. ಆಬರ್ನ್ ತಂಡ ವರ್ಜೀನಿಯಾದ ಮೇಲೆ ಎರಡು ಅಂಕಗಳಿಂದ ಮುಂದಿತ್ತು, ಗಡಿಯಾರದಲ್ಲಿ ಉಳಿದದ್ದು 0.6 ಸೆಕೆಂಡ್. ಮೂಲೆಯಿಂದ ಮೂರಂಕದ ಎಸೆತಕ್ಕೆ ಹಾರಿದ ಕೈಲ್ ಗೈ ಇಳಿಯುವ ಜಾಗಕ್ಕೆ ಆಬರ್ನ್ ಆಟಗಾರ ನುಗ್ಗಿದ್ದನ್ನು ಕಂಡ ರೆಫರಿ ಸೀಟಿ ಊದಿದರು. ಎಪ್ಪತ್ತು ಸಾವಿರ ಜನರೆದುರು ಸುಮ್ಮನಿರುವುದೇ ಸುಲಭವಾಗಿದ್ದ ಆ ಗಳಿಗೆಯಲ್ಲಿ ಊದಿದ ಸೀಟಿ ನಿಯಮಕ್ಕೆ ಸರಿಯಾಗಿಯೇ ಇತ್ತು. ಗೈ ಮೂರೂ ಫ್ರೀ ಥ್ರೋ (ಫೌಲಿಗೆ ಪರಿಹಾರವಾಗಿ ಸಿಗುವ, ಒಂದೊಂದು ಅಂಕದ, ಯಾರೂ ತಡೆಯದ ಎಸೆತ) ಹಾಕಿದರು, ವರ್ಜೀನಿಯಾ 63–62ರಿಂದ ಗೆದ್ದು ಮುಂದೆ ಚಾಂಪಿಯನ್ ಆಯಿತು. ಆದರೆ ಅದಕ್ಕೆ ಕೆಲವೇ ಕ್ಷಣ ಮೊದಲು ವರ್ಜೀನಿಯಾದ ಟೈ ಜೆರೋಮ್ ಮಾಡಿದ ಡಬಲ್ ಡ್ರಿಬಲ್ (ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪು) ಇದೇ ಮೂವರ ಕಣ್ಣಿಗೆ ಬೀಳಲಿಲ್ಲ. ಅತ್ಯುತ್ತಮ ತೀರ್ಪು ಮತ್ತು ಎದ್ದುಕಾಣುವ ಲೋಪ ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಟ್ಟಿಗೆ ಬಂದವು. ಹಲವು ವರ್ಷಗಳಿಂದ ನಾನು ನೋಡುತ್ತಿರುವ ಸೇವೆಯ ಸ್ವರೂಪವೂ ಬಹುಮಟ್ಟಿಗೆ ಹೀಗೆಯೇ ಇದೆ.

ನನಗೆ ಹೆಚ್ಚು ಕಾಡುವುದು ಅಸಮತೆ. ಒಂದು ರಾತ್ರಿ ಫೌಲ್ ಅನ್ನಿಸಿಕೊಂಡದ್ದು ಮತ್ತೊಂದು ರಾತ್ರಿ ಆಟದ ಭಾಗವಾಗುತ್ತದೆ. ಅದೇ ಟೂರ್ನಿಯ 2017ರ ಫೈನಲಿನಲ್ಲಿ ಉತ್ತರ ಕ್ಯಾರೊಲಿನಾ ಮತ್ತು ಗೊನ್ಜಾಗಾ ತಂಡಗಳ ಮೇಲೆ ತಲಾ 22ರಂತೆ ಒಟ್ಟು 44 ಫೌಲುಗಳು ಬಿದ್ದು, ವರ್ಷದ ಅತಿ ದೊಡ್ಡ ಪಂದ್ಯ ಫ್ರೀ ಥ್ರೋ ಗೆರೆಯ ಬಳಿ ನಿಂತುನಿಂತು ಸಾಗಿತು. ಎರಡೂ ಕಡೆಗೆ ಸರಿಸಮನಾದ ಆ ಸಂಖ್ಯೆಯನ್ನು ಕಂಡಾಗಲೆಲ್ಲ ನನಗೆ ಇಂಡಿಯಾನಾದ ಇಬ್ಬರು ಸಂಶೋಧಕರು 2004–05ರ ಸಾಲಿನ 365 ಕಾಲೇಜು ಪಂದ್ಯಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತದೆ. ಒಂದು ತಂಡದ ಮೇಲೆ ಹೆಚ್ಚು ಫೌಲುಗಳಾದಂತೆ ಮುಂದಿನ ಫೌಲ್ ಇನ್ನೊಂದು ತಂಡದ ಮೇಲೆ ಬೀಳುವ ಸಾಧ್ಯತೆ ಏರುತ್ತಾ ಹೋಗುತ್ತದೆ, ಹೊರಗಿನಿಂದ ಬಂದ ತಂಡಕ್ಕೆ ಫೌಲುಗಳು ಹೆಚ್ಚು ಬೀಳುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಬೇಕೆಂದೇ ಯಾರೂ ತಕ್ಕಡಿಯನ್ನು ಸರಿದೂಗಿಸುತ್ತಿರಲಾರರು. ಆದರೆ ಹತ್ತು ಸಾವಿರ ಜನ ಒಕ್ಕೊರಲಿನಿಂದ ಅರಚುವಾಗ, ಹದಿನೈದು ಅಡಿ ದೂರದಲ್ಲಿ ಲಕ್ಷಾಂತರ ಡಾಲರ್ ಸಂಬಳದ ಕೋಚ್ ಕೈ ಚಾಚಿ ಲೆಕ್ಕ ಒಪ್ಪಿಸುತ್ತಿರುವಾಗ, ದಣಿದ ಮನಸ್ಸು ಎತ್ತ ವಾಲುತ್ತದೆಂದು ಊಹಿಸುವುದು ಕಷ್ಟವಲ್ಲ. ಆ ಕೋಚುಗಳ ದೂರು ಸಂಯೋಜಕರನ್ನು ತಲುಪುತ್ತದೆ, ಮುಂದಿನ ಪಂದ್ಯಗಳನ್ನು ಹಂಚುವವರು ಅದೇ ಸಂಯೋಜಕರು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ನಿಯಮಗಳೂ ಕಷ್ಟದವೇ. ಬುಟ್ಟಿಯತ್ತ ನುಗ್ಗುವವನದು ತಪ್ಪೋ, ಅಡ್ಡ ನಿಂತವನದು ತಪ್ಪೋ ಎಂಬ ಪ್ರಶ್ನೆಯೇ ಈ ಆಟದಲ್ಲಿ ಅತ್ಯಂತ ಜಟಿಲವಾದದ್ದು. 2023–24ರಿಂದ, ನೆಗೆಯುವವನು ನೆಲದ ಮೇಲೆ ಕೊನೆಯ ಹೆಜ್ಜೆ ಊರುವ ಹೊತ್ತಿಗೇ ರಕ್ಷಕನು ತನ್ನ ಜಾಗದಲ್ಲಿ ನಿಂತಿರಬೇಕು ಎಂದು ನಿಯಮವನ್ನು ಬಿಗಿಗೊಳಿಸಿದ ಮೇಲೆ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಅಡ್ಡಬಿದ್ದು ಫೌಲ್ ಗಿಟ್ಟಿಸುವ ಆಟ ಕಡಿಮೆಯಾಗಿರುವುದು ನನ್ನ ಕಣ್ಣಿಗೂ ಕಾಣುತ್ತದೆ.

ವಿಡಿಯೊ ಮರುಪರಿಶೀಲನೆಯ ಬಗ್ಗೆ ನನ್ನ ತಕರಾರು ದೊಡ್ಡದು. ಕೊನೆಯ ಎರಡು ನಿಮಿಷ ಹತ್ತಿರದ ಪಂದ್ಯಗಳಲ್ಲಿ ಕಾಲು ಗಂಟೆ ಹಿಡಿಯುತ್ತದೆ, ಅದರಲ್ಲಿ ಒಂದು ಪಾಲು, ರೆಫರಿಗಳು ಮೇಜಿನ ಪರದೆಗೆ ಬಾಗಿ ನಿಂತ ಸಮಯ. ಅಷ್ಟಾದರೂ ತೀರ್ಪು ಸರಿಯಾಗುತ್ತದೆಂಬ ಭರವಸೆಯಿಲ್ಲ. 2015ರ ಫೈನಲಿನಲ್ಲಿ ಡ್ಯೂಕ್ ಮತ್ತು ವಿಸ್ಕಾನ್ಸಿನ್ ಸೆಣಸುತ್ತಿದ್ದಾಗ, ಗೆರೆಯಾಚೆ ಹೋದ ಚೆಂಡು ಡ್ಯೂಕ್ ಆಟಗಾರನ ಬೆರಳಿಗೆ ತಾಗಿದ್ದು ಟಿವಿ ನೋಡುತ್ತಿದ್ದ ನಮಗೆಲ್ಲ ಕಂಡಿತು, ಆದರೆ ಪರದೆ ನೋಡಿ ಬಂದ ರೆಫರಿಗಳು ಚೆಂಡನ್ನು ಡ್ಯೂಕ್ ಕೈಗೇ ಕೊಟ್ಟರು. ಮನೆಯಲ್ಲಿ ಕೂತವರು ಕಂಡ ಆ ಸ್ಪಷ್ಟ ಕೋನದ ದೃಶ್ಯ ರೆಫರಿಗಳ ಪರದೆಗೆ ಬಂದಿರಲೇ ಇಲ್ಲವೆಂದು ಅಂದಿನ ರಾಷ್ಟ್ರೀಯ ಸಂಯೋಜಕ ಜಾನ್ ಆ್ಯಡಮ್ಸ್ ಆಮೇಲೆ ಒಪ್ಪಿಕೊಂಡರು. ಅಂಗಣದ ಮೂವರಿಗೆ ಬೈಗುಳ ಬಿದ್ದದ್ದು, ಅವರ ಕೈಗೆ ಸರಿಯಾದ ಸಲಕರಣೆ ಕೊಡದವರ ತಪ್ಪಿಗೆ. 2025–26ರಿಂದ ಪುರುಷರ ಆಟದಲ್ಲೂ ಕೋಚುಗಳು ನಿರ್ದಿಷ್ಟ ತೀರ್ಪುಗಳನ್ನು ಪ್ರಶ್ನಿಸಬಹುದೆಂಬ ನಿಯಮ ಬಂದಿದೆ. ಅದಕ್ಕೆ ಅವರ ಬಳಿ ಟೈಮ್ ಔಟ್ (ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಅವಕಾಶ) ಉಳಿದಿರಬೇಕು. ಪರದೆಯ ಬಳಿ ಕಳೆಯುವ ಹೊತ್ತನ್ನು ಇದು ಕಡಿಮೆ ಮಾಡಿದರೆ ನಾನು ಸಂತೋಷದಿಂದ ಸ್ವಾಗತಿಸುತ್ತೇನೆ.

ಹೊಣೆಗಾರಿಕೆಯ ವಿಷಯದಲ್ಲಿ ಈ ಸೇವೆಗೆ ನಾನು ಅತಿ ಕಡಿಮೆ ಅಂಕ ಕೊಡುತ್ತೇನೆ. ಎನ್‌ಬಿಎ 2015ರಿಂದ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷಗಳ ಪ್ರತಿಯೊಂದು ತೀರ್ಪನ್ನೂ ಪರಿಶೀಲಿಸಿ, ತಪ್ಪೋ ಸರಿಯೋ ಎಂದು ಮರುದಿನ ಪ್ರಕಟಿಸುತ್ತದೆ. ಕಾಲೇಜಿನಲ್ಲಿ ರೆಫರಿಗಳ ಮೌಲ್ಯಮಾಪನ ನಡೆಯುತ್ತದೆ, ಅಂಕಗಳೂ ಇರುತ್ತವೆ, ಆದರೆ ಅವು ಬಾಗಿಲ ಹಿಂದೆಯೇ ಉಳಿಯುತ್ತವೆ. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾಗುವ ಸುಮಾರು ನೂರು ಮಂದಿಯ ಪಟ್ಟಿಯಲ್ಲಿ ಯಾರಿಲ್ಲವೆಂದು ನೋಡಿ ನಾವು ಊಹಿಸಬೇಕು. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಸೇಂಟ್ ಜಾನ್ಸ್ ಆಟಗಾರ ಸಮಯ ಮುಗಿಯುವ ಮೊದಲೇ ಚೆಂಡು ಹಿಡಿದು ಗೆರೆ ದಾಟಿದ್ದನ್ನು ಮೂವರೂ ಗಮನಿಸದೆ ರಟ್ಗರ್ಸ್ ಸೋತಾಗ, ಕಾನ್ಫರೆನ್ಸ್ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು, ಆ ಮೂವರು ಕಾನ್ಫರೆನ್ಸಿನ ಆ ಟೂರ್ನಿಯ ಉಳಿದ ಪಂದ್ಯಗಳಿಂದ ಹಿಂದೆ ಸರಿದರು. ಅಷ್ಟು ನೇರವಾದ ನಡೆ ನಿಯಮವಾಗಬೇಕಿತ್ತು, ಅಪವಾದವಾಗಿಯೇ ಉಳಿದಿದೆ. ಇನ್ನು 2013ರ ಪ್ಯಾಕ್-12 ಕಾನ್ಫರೆನ್ಸಿನ ಪ್ರಕರಣವಂತೂ ಇಡೀ ಏರ್ಪಾಡಿನ ಟೊಳ್ಳುತನವನ್ನು ತೋರಿಸಿತು. ಅರಿಜೋನಾ ಕೋಚ್ ಷಾನ್ ಮಿಲ್ಲರ್ ಮೇಲೆ ಟೆಕ್ನಿಕಲ್ ಫೌಲ್ (ದುರ್ವರ್ತನೆಯಂಥ ತಪ್ಪಿಗೆ ಕೊಡುವ ಶಿಕ್ಷೆ) ಹಾಕಿದವರಿಗೆ 5,000 ಡಾಲರ್ ಅಥವಾ ಮೆಕ್ಸಿಕೊದ ಕಾಂಕುನ್ ಪ್ರವಾಸ ಕೊಡುವುದಾಗಿ ಸಂಯೋಜಕ ಎಡ್ ರಷ್ ರೆಫರಿಗಳ ಸಭೆಯಲ್ಲಿ ಹೇಳಿದರೆಂಬ ವರದಿ ಹೊರಬಿತ್ತು. ಅದು ತಮಾಷೆಯ ಮಾತೆಂದು ಕಾನ್ಫರೆನ್ಸ್ ಹೇಳಿದರೂ ರಷ್ ರಾಜೀನಾಮೆ ಕೊಡಬೇಕಾಯಿತು. ಪಂದ್ಯ ಹಂಚುವ ಅಧಿಕಾರವಿರುವ ವ್ಯಕ್ತಿಯ ತಮಾಷೆಯನ್ನು ಕೂಲಿಗೆ ದುಡಿಯುವವನು ತಮಾಷೆಯಾಗಿ ಕೇಳಿಸಿಕೊಳ್ಳಲು ಸಾಧ್ಯವೇ?

ಗ್ರಾಹಕರಾದ ನಮ್ಮ ನಡವಳಿಕೆಯೂ ಈ ವಿಮರ್ಶೆಯ ಒಳಗೇ ಬರುತ್ತದೆ. 2017ರಲ್ಲಿ ಕೆಂಟಕಿ ತಂಡ 75–73ರಿಂದ ಉತ್ತರ ಕ್ಯಾರೊಲಿನಾಗೆ ಸೋತ ಮೇಲೆ, ಆ ಪಂದ್ಯದ ರೆಫರಿಗಳಲ್ಲೊಬ್ಬರು ನೆಬ್ರಾಸ್ಕದಲ್ಲಿ ನಡೆಸುತ್ತಿದ್ದ ಮನೆ ಛಾವಣಿಯ ಉದ್ಯಮದ ಮೇಲೆ ಸಿಟ್ಟಿಗೆದ್ದ ಅಭಿಮಾನಿಗಳು ಮುಗಿಬಿದ್ದರು. ಅವರಿಂದ ಒಂದು ಹೆಂಚನ್ನೂ ಹಾಕಿಸಿಕೊಳ್ಳದವರು ಕಳಪೆ ಕೆಲಸವೆಂದು ಸುಳ್ಳು ವಿಮರ್ಶೆ ಬರೆದರು. ಸಾವಿರಾರು ಫೋನ್ ಕರೆಗಳು ಬಂದವು, ಕೊಲೆ ಬೆದರಿಕೆಗಳೂ ಬಂದವು. ಅವರು ಕೆಂಟಕಿಯ ಕ್ರೀಡಾ ಮಾಧ್ಯಮವೊಂದರ ಮೇಲೆ ಹೂಡಿದ ಮೊಕದ್ದಮೆ 2019ರಲ್ಲಿ ವಜಾ ಆಯಿತು, ಮೇಲ್ಮನವಿಯಲ್ಲೂ ಗೆಲ್ಲಲಿಲ್ಲ. ದೇಶದ ಅಗ್ರಗಣ್ಯ ರೆಫರಿಗೂ ಇನ್ನೊಂದು ಉದ್ಯಮವಿತ್ತು, ತಪ್ಪೆಂದು ಜನರಿಗೆ ಅನ್ನಿಸಿದ ತೀರ್ಪಿನ ಬೆಲೆಯನ್ನು ಆ ಉದ್ಯಮವೂ ಅದರ ಕೆಲಸಗಾರರೂ ತೆರಬೇಕಾಯಿತು. ಆ ಸುದ್ದಿ ಓದಿದ ದಿನದಿಂದ ಅಂಗಣದಲ್ಲಿ ರೆಫರಿಯ ಹೆಸರು ಹಿಡಿದು ಕೂಗುವುದನ್ನು ನಾನು ಬಿಟ್ಟಿದ್ದೇನೆ.

ಒಂದು ಒಳ್ಳೆಯ ಬದಲಾವಣೆಯನ್ನು ಹೇಳಲೇಬೇಕು. ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ಟೂರ್ನಿಗಳ ರೆಫರಿಗಳಿಗೆ ಎನ್‌ಸಿಎಎ 2022ರಿಂದ ಸಮಾನ ಸಂಭಾವನೆ ಕೊಡುತ್ತಿದೆ. ಅದಕ್ಕೆ ತಗುಲಿದ ಹೆಚ್ಚುವರಿ ಖರ್ಚು ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್ ಎಂದು ಆಗ ವರದಿಯಾಗಿತ್ತು. ಪುರುಷರ ಟೂರ್ನಿಯ ಪ್ರಸಾರಕ್ಕೆ 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರಿನ ಒಪ್ಪಂದವಾಗಿತ್ತು, 2016ರಲ್ಲಿ ಇನ್ನೂ 880 ಕೋಟಿ ಸೇರಿಸಿ ಅದನ್ನು 2032ರವರೆಗೆ ವಿಸ್ತರಿಸಿದರು. ಇಷ್ಟು ಹಣ ಹರಿಯುವ ಕಡೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಪದ್ಧತಿ ಅಷ್ಟು ವರ್ಷ ನಡೆದದ್ದೇ ನನಗೆ ನೋವಿನ ಸಂಗತಿ.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಈಗ ಪ್ರತಿ ಕಾಲೇಜೂ ತನ್ನ ಆಟಗಾರರಿಗೆ ಮೊದಲ ವರ್ಷದಲ್ಲಿ (2025–26) ಒಟ್ಟು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅದು ನ್ಯಾಯವೇ, ಆಟಗಾರರಿಗೆ ಅದು ಬಹಳ ಹಿಂದೆಯೇ ಸಲ್ಲಬೇಕಿತ್ತು. ಕೋಚುಗಳಿಗೆ ಸಂಬಳವಿದೆ, ಆಟಗಾರರಿಗೂ ಪಾಲು ಬಂದಿದೆ, ಅವರೆಲ್ಲರ ನಡುವೆ ಓಡುವ ಮೂವರು ಮಾತ್ರ ಇನ್ನೂ ಪಂದ್ಯದ ಲೆಕ್ಕದಲ್ಲೇ ಇದ್ದಾರೆ. ನಾನು ಈ ಸೇವೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ರೆಫರಿಗಳನ್ನಷ್ಟೇ ನೋಡಿದ್ದರೆ ನಾಲ್ಕು ಕೊಡುತ್ತಿದ್ದೆ. ದೊಡ್ಡ ಕಾನ್ಫರೆನ್ಸುಗಳು ಒಟ್ಟಾಗಿ ಐವತ್ತು ಅರುವತ್ತು ರೆಫರಿಗಳನ್ನಾದರೂ ಪೂರ್ಣಾವಧಿಗೆ ನೇಮಿಸಿ, ವಾರಕ್ಕೆ ನಾಲ್ಕು ಪಂದ್ಯಗಳ ಮಿತಿ ಹಾಕಿ, ತೀರ್ಪುಗಳ ಪರಿಶೀಲನೆಯನ್ನು ಪ್ರಕಟಿಸಿದರೆ ಆ ಒಂದು ಅಂಕ ಮರಳುತ್ತದೆ.

ಮೊದಲ ಬಾರಿಗೆ ಟಿಕೆಟ್ ಕೊಳ್ಳುವವರಿಗೆ ಒಂದು ಸಲಹೆಯಿದೆ. ಬುಟ್ಟಿಯ ಹಿಂಬದಿಯ ಆಸನಗಳು ಸಾಮಾನ್ಯವಾಗಿ ಅಗ್ಗ, ಆದರೆ ರೆಫರಿಯ ಕೆಲಸ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬುಟ್ಟಿಯ ಹಿಂದಿನ ಗೆರೆಯಾದ ಎಂಡ್ ಲೈನಿನಲ್ಲಿ ನಿಂತ ರೆಫರಿ ಚೆಂಡನ್ನು ಬಿಟ್ಟು ಬುಟ್ಟಿಯಡಿಯ ಕೈಗಳನ್ನೂ ಸೊಂಟಗಳನ್ನೂ ನೋಡುತ್ತಿರುತ್ತಾರೆ, ಪಕ್ಕದ ಗೆರೆಯಲ್ಲಿರುವವರು ಚೆಂಡಿಲ್ಲದ ಬದಿಯನ್ನು ಕಾಯುತ್ತಾರೆ, ಹಿಂದಿನವರು ಚೆಂಡಿನ ಮೇಲೆ ಕಣ್ಣಿಟ್ಟಿರುತ್ತಾರೆ. ಚೆಂಡು ಬದಿ ಬದಲಿಸಿದೊಡನೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಜಾಗ ಅದಲುಬದಲು ಮಾಡಿಕೊಳ್ಳುವುದನ್ನು ಹತ್ತು ನಿಮಿಷ ಗಮನಿಸಿ, ಆಮೇಲೆ ಆಟವನ್ನು ನೋಡಿ.