ಕೋಪರ್ನಿಕಸ್‌ನ 30 ಮೀಟರ್ ಚೌಕಗಳ ಎತ್ತರ ದತ್ತಾಂಶ: ಹೊಳೆ ಸರಿ, ಕೆರೆ ಕಷ್ಟ

ಜಯನಗರದ ನಮ್ಮ ಸಣ್ಣ ಕಚೇರಿಯಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹಳ್ಳಿಗಳ ನೆರೆ ನಕ್ಷೆಗೆ ಕೆಲವು ವರ್ಷಗಳಿಂದ ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಯೋಜನೆ ಕೊಡುವ, ನೆಲದ ಏರುತಗ್ಗು ತಿಳಿಸುವ ಈ ದತ್ತಾಂಶವನ್ನೇ ನೆಚ್ಚಿಕೊಂಡಿದ್ದೇವೆ. ಕಾಸು ಕೊಡಬೇಕಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದರೆ ಹಳೆಯ ಲ್ಯಾಪ್‌ಟಾಪ್ ಕೂಡ ಮುನಿಸಿಕೊಳ್ಳದೆ ಕೆಲಸ ಮಾಡುತ್ತದೆ.

ಮೊದಲು ಬಳಸುತ್ತಿದ್ದುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ದತ್ತಾಂಶ. ಅದರಲ್ಲಿ ಹಳ್ಳಗಳು ಆಗಾಗ ದಿಣ್ಣೆ ಹತ್ತುತ್ತಿದ್ದವು! ಕೋಪರ್ನಿಕಸ್‌ಗೆ ಆಧಾರ 2011ರಿಂದ 2015ರವರೆಗೆ ಟ್ಯಾಂಡೆಮ್-ಎಕ್ಸ್ ಉಪಗ್ರಹಗಳು ಕಲೆಹಾಕಿದ ರೇಡಾರ್ ಮಾಹಿತಿ. ನಂದಿಬೆಟ್ಟದಿಂದ ಅರ್ಕಾವತಿ ಇಳಿದು ಬರುವ ದಾರಿ ಇದರಲ್ಲಿ ಚೊಕ್ಕವಾಗಿ ಮೂಡುತ್ತದೆ.

ತಕರಾರು ಶುರುವಾಗುವುದು ಕೆರೆಯ ಬಳಿ. ಈ ದತ್ತಾಂಶ ನೆಲವನ್ನು ಚೌಕಗಳಾಗಿ ಹಂಚಿ ಒಂದೊಂದಕ್ಕೂ ಒಂದೇ ಎತ್ತರ ಕೊಡುತ್ತದೆ. ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲ. ಎರಡು ಗಾಡಿ ಹಾಯುವಷ್ಟು ಅಗಲದ ಏರಿಯ ಎತ್ತರ ಪಕ್ಕದ ಅಂಗಳ, ಗದ್ದೆಗಳ ಎತ್ತರದೊಂದಿಗೆ ಬೆರೆತು ಕರಗಿಹೋಗುತ್ತದೆ. ತೂಬು, ಕೋಡಿಗಳ ಸುಳಿವೇ ಇರುವುದಿಲ್ಲ. ಒಂದು ಊರಿನ ನಕ್ಷೆಯಲ್ಲಿ ನೀರು ಏರಿಯ ನಟ್ಟನಡುವೆ ಹರಿದಿತ್ತು. ಅದನ್ನು ನೋಡಿದ ನೀರಗಂಟಿ, “ಇಲ್ಲಿ ನೀರು ಬಂತು ಎಂದರೆ ಏರಿ ಒಡೆದಿದೆ ಎಂದೇ ಲೆಕ್ಕ, ಸ್ವಾಮಿ” ಎಂದರು. ಈಗ ಕೋಡಿ, ರಾಜಕಾಲುವೆಗಳ ಜಾಡನ್ನು ಅವರ ಜೊತೆ ನಡೆದೇ ಗುರುತಿಸಿ, ಕೈಯಾರೆ ನಕ್ಷೆಗೆ ಕೊರೆಯುತ್ತೇವೆ. ಇದಕ್ಕೆ ಮೊಬೈಲ್ ಜಿಪಿಎಸ್ ಸಾಕು. ಎತ್ತರ ಅಳೆಯಲು ಮಾತ್ರ ಅದನ್ನು ನಂಬಬೇಡಿ.

ಕೆರೆಯ ನೀರನ್ನು ತಯಾರಕರು ತಟ್ಟೆಯಂತೆ ಸಮತಟ್ಟು ಮಾಡಿಬಿಟ್ಟಿದ್ದಾರೆ. ನೀರಿನಡಿಯ ಆಳ ತಿಳಿಯದ ಕಾರಣ, ಎಷ್ಟು ಮಳೆಗೆ ಕೋಡಿ ಬೀಳುತ್ತದೆ ಎಂಬ ಲೆಕ್ಕ ಇದರಿಂದ ಸಿಗುವುದಿಲ್ಲ.

ಇನ್ನು ನೀಲಗಿರಿ ತೋಪು. ನಮ್ಮ ಸೀಮೆಯಲ್ಲಿ ಅದಕ್ಕೇನು ಬರವೇ? ರೇಡಾರ್ ಅಳೆಯುವುದು ನೆಲವನ್ನಲ್ಲ, ಮರದ ಮೇಲ್ಭಾಗವನ್ನು. ತಗ್ಗಿನಲ್ಲಿರುವ ತೋಪು ದಿಬ್ಬವಾಗಿ ಕಾಣಿಸಿ, ಪಕ್ಕದ ಕೇರಿಗೆ ಇಲ್ಲದ ರಕ್ಷಣೆ ಒದಗಿಸುತ್ತದೆ. ಮರ, ಕಟ್ಟಡಗಳ ಎತ್ತರ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದೇ ಕೋಪರ್ನಿಕಸ್‌ನಿಂದ ಸಿದ್ಧಪಡಿಸಿದ ಫ್ಯಾಬ್‌ಡೆಮ್ ಎಂಬ ದತ್ತಾಂಶ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಅದು ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ.

ಇಸ್ರೋದ ನಕ್ಷೆ ಜಾಲತಾಣ ಭುವನ್‌ನಲ್ಲಿ ಸಿಗುವ ಎತ್ತರದ ದತ್ತಾಂಶ ಕಾರ್ಟೊಡೆಮ್ ಜೊತೆ ಇದನ್ನು ಬೆರೆಸುವವರು ಎಚ್ಚರ. ಅದರ ಎತ್ತರ ಕೋಪರ್ನಿಕಸ್‌ನಂತೆ ಸಮುದ್ರಮಟ್ಟದಿಂದ ಅಳೆದದ್ದಲ್ಲ. ಬೆಂಗಳೂರಿನ ಸುತ್ತ ಸುಮಾರು 85 ಮೀಟರ್ ಕಡಿಮೆ ತೋರಿಸುತ್ತದೆ. ಸರಿಹೊಂದಿಸದೆ ಜೋಡಿಸಿದರೆ ನಕ್ಷೆಯ ನಡುವೆ ಪ್ರಪಾತವೇ ಎದ್ದುನಿಲ್ಲುತ್ತದೆ.

ಐದಕ್ಕೆ ಮೂರೂವರೆ ಅಂಕ. ತಾಲ್ಲೂಕಿನಲ್ಲಿ ಯಾವ ಹಳ್ಳಿಗೆ ಮೊದಲು ಹೋಗಬೇಕೆಂದು ತಿಳಿಯಲು ಧಾರಾಳವಾಗಿ ಬಳಸಿ. ಯಾವ ಮನೆಯ ಹೊಸ್ತಿಲಿಗೆ ನೀರು ಬರುತ್ತದೆ ಎಂದು ತಿಳಿಯಬೇಕಿದ್ದರೆ ಲೆವೆಲ್ ಯಂತ್ರ ಹಿಡಿದ ಸರ್ವೆಯವರನ್ನೇ ಕರೆಸಿ.